ಟಿಟ್ಟಿಭದ ಮೊಟ್ಟೆ, ತಾಯಮ್ಮನ ಒಟ್ಲು

ಆಗೆಲ್ಲ ಮಂಡ್ಯದಲ್ಲಿ ಭಾನುವಾರ ಬೆಳಗಿನ ಆರು ಗಂಟೆಗೆ ಎದ್ದು ಬೀದಿಗೆ ಬರುತ್ತಿದ್ದವರು ಹಾಲಿನವರು, ಪೇಪರಿನವರು, ಮತ್ತೆ ನಾವು. ನಾವು ಅಂದರೆ ಊರಂಚಿನ ಗುತ್ತಲು ಬಡಾವಣೆಯ ಏಳು ಮಕ್ಕಳು ಮತ್ತು ಖಲೀಲಣ್ಣ. ಸ್ವೆಟರು ಹಾಕಿಕೊಂಡು, ಅವರ ಅಂಗಡಿಯ ಮುಂದೆ ಆಕಳಿಸುತ್ತಾ ನಿಂತಿರುತ್ತಿದ್ದೆವು. "ಹಕ್ಕಿ ನೋಡಕ್ಕೆ ಓಯ್ತಾವಂತೆ, ಕ್ಯಾಮೆ ಇಲ್ದೋವು" ಅಂತ ಬೀದಿಯವರು ನಗುತ್ತಿದ್ದರು. ಈಗ ಅದೇ ಬೀದಿಯವರು ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಹೊರಡುವುದನ್ನು ಕಂಡರೆ ನನಗೆ ಒಳಗೊಳಗೇ ಖುಷಿ. ಹೇಳಿಕೊಳ್ಳುವುದಿಲ್ಲ ಅಷ್ಟೆ.

ಖಲೀಲಣ್ಣ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಿದ್ದವರು. ಅಂಗಡಿಯೊಳಗೆ ಕಾಲಿಟ್ಟರೆ ವಾರ್ನಿಶ್ ವಾಸನೆ, ಸುಟ್ಟ ತಾಮ್ರದ ತಂತಿಯ ವಾಸನೆ. ಮೋಟರು ಕೂರಿಸಲು ಗದ್ದೆಗೆ ಹೋದವರು ಕರೆಂಟು ಬರುವ ತನಕ ಪಂಪ್‌ಹೌಸಿನ ನೆರಳಲ್ಲಿ ಕಾಯಬೇಕಲ್ಲ, ಆಗ ಹತ್ತಿದ್ದಂತೆ ಈ ಹಕ್ಕಿ ನೋಡುವ ಚಟ. "ಕರೆಂಟು ಕೈ ಕೊಟ್ಟಿದ್ದಕ್ಕೆ ಕಲ್ತಿದ್ದು ಕಣ್ರೋ" ಎನ್ನುತ್ತಿದ್ದರು. ಅವರ ಬಳಿ ಒಂದೇ ಒಂದು ಬೈನಾಕ್ಯುಲರ್ ಇತ್ತು, ಅದರಲ್ಲೂ ಎಡಗಡೆ ಗಾಜಿಗೆ ಬೂಷ್ಟು ಹಿಡಿದಿತ್ತು. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ನೋಡಬೇಕು. ಉಳಿದವರು ಇಪ್ಪತ್ತರ ತನಕ ಎಣಿಸುತ್ತಾರೆ, ಅಷ್ಟರೊಳಗೆ ನೋಡಿ ಮುಂದಿನವರಿಗೆ ಕೊಡಬೇಕು. ನನ್ನ ಸರದಿ ಬಂದಾಗಲೆಲ್ಲ ಶಶಿ ಅನ್ನುವ ಒಬ್ಬ ಹುಡುಗ ಬೇಕಂತಲೇ ಗಡಗಡನೆ ಎಣಿಸಿಬಿಡುತ್ತಿದ್ದ. ಮಿಂಚುಳ್ಳಿ ಇದ್ದ ಕೊಂಬೆ ಸಿಗುವಷ್ಟರಲ್ಲಿ ನನ್ನ ಇಪ್ಪತ್ತು ಮುಗಿದೇ ಹೋಗಿರುತ್ತಿತ್ತು.

ನಮ್ಮ ಗುಂಪಿಗೆ ಒಂದು ಪದ್ಧತಿ ಇತ್ತು. ಒಂದೊಂದು ಭಾನುವಾರ ಒಬ್ಬೊಬ್ಬರದು. 'ನನ್ನ ವಾರ' ಅಂತಿದ್ದೆವು. ಯಾರ ವಾರವೋ ಅವರು ತಮಗೆ ಗೊತ್ತಿರುವ ಜಾಗಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗಬೇಕು. ಶಶಿ ತನ್ನ ವಾರದಲ್ಲಿ ನಮ್ಮನ್ನು ಬೆಳಕವಾಡಿಗೆ, ಅವರತ್ತೆ ಊರಿಗೆ ಕರೆದೊಯ್ದಿದ್ದ. ಅಲ್ಲಿ ಹೊಳೆದಂಡೆಯಲ್ಲಿ ನೀರುಕಾಗೆಗಳು ರೆಕ್ಕೆ ಹರವಿ ಬಿಸಿಲು ಕಾಯುತ್ತಿದ್ದವು. ಅದು ಸಾಲದು ಅಂತ ಎರಡು ನೀರುನಾಯಿಗಳೂ ಬಂದು ಮುಳುಗು ಹಾಕಿ ಹೋದವು. ಅವತ್ತಿನಿಂದ ಅವನನ್ನು ಹಿಡಿಯುವವರೇ ಇರಲಿಲ್ಲ. ನೀರುನಾಯಿಯನ್ನು ಅವನೇ ಹೆತ್ತ ಹಾಗೆ ಆಡುತ್ತಿದ್ದ.

ನಾನಾಗ ಆರನೇ ಕ್ಲಾಸು. ನನ್ನ ವಾರ ಆಷಾಢದಲ್ಲಿ ಬಿತ್ತು. ಬೆಸಗರಹಳ್ಳಿಯಲ್ಲಿ ನಮ್ಮ ತಾತನ ಗದ್ದೆ ಇತ್ತು. ಹಿಂದಿನ ವಾರವಷ್ಟೇ ಅವ್ವನ ಜೊತೆ ಹೋದಾಗ, ಬೀಳುಬಿದ್ದ ಗದ್ದೆಯೊಂದರ ಮೂಲೆಯಲ್ಲಿ ಬರಿ ನೆಲದ ಮೇಲೆ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿದ್ದನ್ನು ಕಂಡಿದ್ದೆ. ಹೆಂಟೆಗಳ ನಡುವೆ ಹೆಂಟೆ ಬಣ್ಣದ ಮೊಟ್ಟೆ. ಕಾಲಿಟ್ಟರೂ ಗೊತ್ತಾಗುತ್ತಿರಲಿಲ್ಲ. ನಾಲ್ಕರ ಚೂಪು ತುದಿಗಳೂ ಒಳಮುಖವಾಗಿ ಒಂದಕ್ಕೊಂದು ತಾಗಿಕೊಂಡಿದ್ದವು. ಮಂಡ್ಯಕ್ಕೆ ಬಂದು ಎಲ್ಲರೆದುರು, "ನನ್ನ ವಾರಕ್ಕೆ ಟಿಟ್ಟಿಭದ ಮೊಟ್ಟೆ ತೋರಿಸ್ತೀನಿ" ಅಂದೆ.

"ರೈಲು ಬುಡ್ತಾವ್ಳೆ ಕಣ್ಲಾ" ಅಂದ ಶಶಿ.

"ತೋರಿಸ್ದೆ ಇದ್ರೆ ನನ್ನೆಸ್ರು ರೇಖಾ ಅಲ್ಲ" ಅಂದುಬಿಟ್ಟೆ. ನನ್ನ ಬಾಯಿಯೇ ನನಗೆ ಶತ್ರು, ಆಗಲೂ ಈಗಲೂ.

ಶನಿವಾರ ಸ್ಕೂಲು ಬಿಟ್ಟ ಮೇಲೆ ಅಪ್ಪ ನನ್ನನ್ನು ಬೆಸಗರಹಳ್ಳಿಗೆ ಬಿಟ್ಟು ಬಂದರು. ಉಳಿದವರು ಭಾನುವಾರ ಮೊದಲ ಬಸ್ಸಿಗೆ ಬರುವುದು ಅಂತ ಮಾತಾಗಿತ್ತು. ಗದ್ದೆಗೆ ಓಡಿ ಹೋಗಿ ನೋಡಿದೆ. ಮೊಟ್ಟೆ ಹಾಗೇ ಇದ್ದವು. ಆದರೆ ತಾತ ಗುದ್ದಲಿ ಹಿಡಿದು ಕಾಲುವೆಯ ಬದುವನ್ನು ಕಡಿಯುತ್ತಿದ್ದರು. ನಾಲೆ ನೀರು ನಮ್ಮ ಗದ್ದೆಗೆ ಇಳಿಯುವ ಬಾಯಿ ಅದು.

"ಯಾಕ್ ತಾತ ಬಿಡಿಸ್ತಿದ್ದೀಯ?"

"ನಾಳೆ ವತ್ತಾರೆ ನಮ್ ಸರದಿ ಕಣ್ ಮಗಾ. ನೀರು ಕಟ್ಟಿ ಉತ್ತು ಹದ ಮಾಡ್ಬೇಕಲ್ಲ."

"ಅಲ್ಲಿ ಮೊಟ್ಟೆ ಇದಾವೆ ತಾತ."

"ನೋಡಿವ್ನಿ. ವರ್ಸಾ ವರ್ಸಾ ಇಕ್ತವೆ. ವರ್ಸಾ ವರ್ಸಾ ನೀರೂ ಬತ್ತದೆ." ತಾತನ ಮಾತೇ ಹಾಗೆ, ನಡುವೆ ಮಾತು ತೂರಿಸಲು ಸಂದು ಇರುತ್ತಿರಲಿಲ್ಲ. "ನಮ್ ಸರದಿ ತಪ್ಪುದ್ರೆ ಇನ್ ಎಂಟ್ ದಿನಕ್ಕೇ. ಪೈರು ಕಾಯ್ತದಾ?"

ನಾನು ಸುಮ್ಮನಾದೆ. ಸುಮ್ಮನಾದೆ ಅಂದರೆ ಒಳಗೆ ಲೆಕ್ಕಾಚಾರ ಶುರುವಾಯಿತು ಅಂತ ತಿಳಿಯಬೇಕು. ಬೆಳಿಗ್ಗೆ ತಾತ ಮೇಲಿನ ತೂಬು ಎತ್ತಲು ಹೋಗುತ್ತಾರೆ. ಅಲ್ಲಿಂದ ಕಾಲುವೆಯುದ್ದಕ್ಕೂ ಕಸಕಡ್ಡಿ ತೆಗೆಯುತ್ತಾ ಬರುವಾಗ ಎರಡು ಗಂಟೆಯಾದರೂ ಆಗುತ್ತದೆ. ಬಸ್ಸು ಏಳಕ್ಕೆ ಬರುತ್ತದೆ. ಒಂದೇ ಒಂದು ಗಂಟೆ ನೀರು ತಡೆದರೆ ಸಾಕು, ಎಲ್ಲರೂ ಮೊಟ್ಟೆ ನೋಡಿಬಿಡುತ್ತಾರೆ.

ಇಲ್ಲಿ ಸುಳ್ಳು ಹೇಳಬಾರದು. ನಾನು ಆ ಮೊಟ್ಟೆಗಳನ್ನು ಉಳಿಸಲು ಹೊರಟವಳಲ್ಲ. ಎಲ್ಲರೂ ನೋಡಿದ ಮೇಲೆ ಬಾಯಿ ಬಿಡಿಸಿ ನೀರು ಹರಿಸುವುದು ಅಂತಲೇ ಅಂದುಕೊಂಡಿದ್ದೆ. ಶಶಿ ನೋಡಬೇಕು, ನೋಡಿ ಬಾಯಿ ಮುಚ್ಚಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಬೆಳಗಿನ ಮಸುಕಿನಲ್ಲಿ ತಾತ ಹೊರಟರು. ಹಿಂದೆಯೇ ನಾನು ಓಡಿದೆ. ಗಾಳಿ ಅಂದರೆ ಲಂಗ ಹಾರಿಹೋಗುವಂಥ ಆಷಾಢದ ಗಾಳಿ. ಕೈಯಲ್ಲೇ ಹೆಂಟೆ ಹೊತ್ತು ಹಾಕಿ, ಮೇಲೆ ಕೆಸರು ಮೆತ್ತಿ, ಕಾಲಲ್ಲಿ ತುಳಿದು ಬಾಯಿ ಮುಚ್ಚಿದೆ. ರೈತರ ಮೊಮ್ಮಗಳಲ್ಲವೇ, ಭದ್ರವಾಗಿಯೇ ಕಟ್ಟಿದ್ದೆ. ಟಿಟ್ಟಿಭ ನನ್ನ ತಲೆಯ ಮೇಲೇ ಅರಚುತ್ತಾ ಸುತ್ತುತ್ತಿತ್ತು. ಕೈಕಾಲು ತೊಳೆದುಕೊಂಡು ಬಸ್‌ಸ್ಟಾಪಿಗೆ ಹೋಗಿ ನಿಂತೆ.

ಮುಚ್ಚಿದ ಬಾಯಿಯ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಮಾತ್ರ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ನಮ್ಮ ಕೆಳಗೆ ತಾಯಮ್ಮನ ಗದ್ದೆ. ಕಾಲುವೆ ಅಲ್ಲಿಗೇ ಮುಗಿಯುತ್ತದೆ. ಎರಡು ದಿನದ ಹಿಂದಷ್ಟೇ ಆಕೆ ಮೊಳಕೆ ಭತ್ತ ಚೆಲ್ಲಿ ಒಟ್ಲು ಹಾಕಿದ್ದಳು. ನಾಟಿಗೆ ಬೇಕಾದ ಪೈರೆಲ್ಲ ಆ ಒಟ್ಲು ಪಾತಿಯಲ್ಲೇ ಏಳಬೇಕು.

ಖಲೀಲಣ್ಣ ಮತ್ತು ಆರು ಮಕ್ಕಳನ್ನು ಹಿಂದೆ ಹಾಕಿಕೊಂಡು, ಬದುವಿನ ಮೇಲೆ ನಾನು ಮುಂದೆ ಮುಂದೆ ಮಹಾರಾಣಿಯ ಹಾಗೆ ಬರುತ್ತಿದ್ದೆ. ದೂರದಿಂದಲೇ ತಾಯಮ್ಮನ ಗಂಟಲು ಕೇಳಿಸಿತು.

"ಯಾವ್ ಬಡ್ಡೆತ್ತದ್ಲಾ ನೀರ್ ತಿರುಗ್ಸಿರೋದು! ನನ್ ಒಟ್ಲೆಲ್ಲಾ ಕೊಚ್ಕೊಂಡೋಯ್ತಲ್ಲಪ್ಪೋ! ನಿಮ್ ಮನೆ ಆಳಾಗ!"

ಅವಳ ಗದ್ದೆಯ ಬದು ಒಡೆದಿತ್ತು. ಪಾತಿಯ ಮೇಲೆ ಮೊಣಕಾಲುದ್ದ ನೀರು ನಿಂತಿತ್ತು. ಮೊಳಕೆ ಭತ್ತವೆಲ್ಲ ತೇಲಿ ಮೂಲೆಗೆ ಬಂದು ನೊರೆಯ ಜೊತೆ ಗುಪ್ಪೆಯಾಗಿತ್ತು. ತಾತ ಆಗಷ್ಟೇ ಬಂದವರು ಗುದ್ದಲಿ ಊರಿ ನಿಂತಿದ್ದರು. ನಮ್ಮ ಬಾಯಿ ಮುಚ್ಚಿದ್ದನ್ನು ನೋಡಿದರು, ನನ್ನ ಲಂಗದ ಅಂಚಿನ ಕೆಸರನ್ನೂ ನೋಡಿದರು.

"ನಾನೇ ಮುಚ್ಚಿದ್ದೆ ಕಣ್ ತಾಯಮ್ಮ," ಅಂದರು ತಾತ. "ಮರ್ತು ಮೇಲಿಂದ ನೀರ್ ಬುಟ್ಬುಟ್ಟೆ. ತಪ್ಪಾಯ್ತು."

ಊರಲ್ಲಿ ನೀರಿನ ನ್ಯಾಯ ಬಂದರೆ ತಾತನನ್ನೇ ಕರೆಯುತ್ತಿದ್ದರು. ಅಂಥವರು ಎಲ್ಲರೆದುರು ತಲೆ ತಗ್ಗಿಸಿ ನಿಂತಿದ್ದರು. ತಾಯಮ್ಮ ಬಿಡಲಿಲ್ಲ. "ಅಯ್ಯೋ ಭಾವ, ಅರವತ್ ವರ್ಸ ನೀರ್ ಕಟ್ಟಿರೋನ್ಗೆ ಮರೆವಾ? ನಾಚ್ಕೆ ಆಗಕಿಲ್ವಾ ನಿಂಗೆ?" ಅಂತ ಮುಖಕ್ಕೇ ಅಂದಳು.

ನಾನು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ವಾರವೂ ಉಳಿಯುತ್ತಿತ್ತು. ಪಕ್ಕದಲ್ಲೇ ಶಶಿ ನಿಂತಿದ್ದಾನೆ, ಖಲೀಲಣ್ಣ ನಿಂತಿದ್ದಾರೆ. ಆದರೆ ತಾತನಿಗೆ 'ನಾಚಿಕೆ ಆಗಲ್ವಾ' ಅಂದದ್ದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಅಳು ಒತ್ತರಿಸಿ ಬಂತು.

"ತಾತ ಅಲ್ಲ ತಾಯಮ್ಮಜ್ಜಿ, ನಾನು. ಇವರಿಗೆಲ್ಲ ಮೊಟ್ಟೆ ತೋರಿಸೋಣ ಅಂತ ನಾನೇ ಮುಚ್ಚಿದೆ."

"ಯಾವ್ ಮೊಟ್ಟೆ?"

"ಟಿಟ್ಟಿಭದ್ದು. ಗದ್ದೇಲಿದೆ. ಇವರು ನೋಡಾದ್ಮೇಲೆ ತೆಗೀತಿದ್ದೆ."

ತಾಯಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ನೋಡಾದ್ಮೇಲೆ? ನೋಡಾದ್ಮೇಲೆ ಮುಳುಗ್ಸದಾ? ಅದೂ ಒಂದು ತಾಯಿ ಅಲ್ವೇನೇ, ಕತ್ತೆ?"

ಅಷ್ಟು ಹೊತ್ತು ನನ್ನ ತಲೆಗೆ ಬಾರದಿದ್ದದ್ದು ಆಗ ಬಂತು. ಒಟ್ಲಿಗೆ ಅತ್ತದ್ದಕ್ಕಿಂತ ಜಾಸ್ತಿ ಅದಕ್ಕೆ ಅತ್ತೆ. ಖಲೀಲಣ್ಣ ಮುಂದೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. "ಅಮ್ಮಾ, ಈ ಚಟ ಹತ್ತಿಸಿದೋನು ನಾನು, ಬೈಯೋದಿದ್ರೆ ನನಗೆ ಬೈರಿ" ಅಂದರು.

"ನಿಮ್ಗೂ ಅದೆ ಸಾಬ್ರೆ, ತಡೀರಿ. ಎಲ್ಲೇ ಮೊಟ್ಟೆ? ಮೊದ್ಲು ತೋರ್ಸು ನಡಿ."

ಹೋದೆವು. ಟಿಟ್ಟಿಭಗಳೆರಡೂ ತಲೆಯ ಮೇಲೆರಗಿ ಬಂದವು. "ಥೂ ಇದ್ರ, ಕಣ್ ಕಿತ್ತಾಕ್ಬುಡ್ತದೆ" ಅಂತ ತಾಯಮ್ಮ ಸೆರಗು ಹೊದ್ದುಕೊಂಡು ದೂರದಲ್ಲೇ ಕುಕ್ಕರಗಾಲಲ್ಲಿ ಕೂತಳು. ನಾನು ಬೆರಳು ತೋರಿಸಿದೆ. ಹುಡುಕಿ ಹುಡುಕಿ ಕೊನೆಗೆ ಅವಳ ಕಣ್ಣಿಗೆ ಬಿತ್ತು. ಅಷ್ಟು ದೊಡ್ಡ ಗಂಟಲಿನ ಹೆಂಗಸು ಪಿಸುಮಾತಿಗಿಳಿದಳು.

"ಅಡಿಗೆ ಒಂದು ಕಡ್ಡಿನೂ ಇಕ್ಕಂಡಿಲ್ವಲ್ಲ ಭಾವ, ಪಾಪದ್ದು."

"ಅದ್ರ ಜಾಯಮಾನ ಅಂಗೆ" ಅಂದರು ತಾತ. ಆಮೇಲೆ ಗಂಟಲು ಸರಿ ಮಾಡಿಕೊಂಡು, "ನಮ್ ಒಟ್ಲಲ್ಲಿ ಪೈರು ಬಂದದೆ. ಅರ್ಧ ನೀ ತಕ್ಕೊಂಡೋಗು ತಾಯಮ್ಮ" ಅಂದರು.

ತಾಯಮ್ಮ ಕೂತಲ್ಲೇ ತಲೆ ಎತ್ತಿದಳು. "ಅರ್ಧ ನಂಗ್ ಕೊಟ್ರೆ ನಿಂಗೆ ಈ ಗದ್ದೆ ನೆಡಕ್ಕೆ ಪೈರೆಲ್ಲದೆ?"

"ಇಲ್ಲ."

"ಇಲ್ದಿದ್ರೆ ನೀರ್ಯಾಕೆ ಕಟ್ಟೀಯ? ಬೀಳು ಬುಡು. ಅದು ಮರಿ ಮಾಡ್ಕೊಂಡು ಓಗ್ಲಿ."

ತಾತ ಆ ಗದ್ದೆಯನ್ನೊಮ್ಮೆ ಉದ್ದಕ್ಕೂ ನೋಡಿದರು. ಇಡೀ ಮನೆಯ ಮೂರು ತಿಂಗಳ ಅನ್ನ ಅದು, ನನಗೂ ಗೊತ್ತಿತ್ತು. "ಆಯ್ತು ಬುಡು" ಅಂದು ಗುದ್ದಲಿ ಹೆಗಲಿಗೇರಿಸಿದರು. ಮನೆಗೆ ಹೋದ ಮೇಲೂ ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಹಕ್ಕಿ ನೋಡುವುದು ಅಷ್ಟಕ್ಕೇ ನಿಂತಿತು. ಖಲೀಲಣ್ಣ ಪ್ಯಾಂಟು ಮಡಚಿ ಕೆಸರಿಗಿಳಿದರು, ನಾವೂ ಇಳಿದೆವು. ಒಡೆದ ಬದು ಕಟ್ಟಿ, ತೇಲಿಬಂದ ಭತ್ತವನ್ನು ಬೊಗಸೆಯಲ್ಲಿ ಬಳಿದು ತಾಯಮ್ಮನ ಮಂಕರಿಗೆ ತುಂಬಿದೆವು. "ಬದು ಕಟ್ರೀ ಅಂದ್ರೆ ಮಣ್ಣಾಟ ಆಡ್ತಾವೆ ಪ್ಯಾಟೆ ಹೈಕ್ಳು" ಅಂತ ಅವಳು ಕೊನೆಯವರೆಗೂ ಬೈಯುತ್ತಲೇ ಇದ್ದಳು. ಮನೆಯಿಂದ ನಮ್ಮಜ್ಜಿ ಕಳಿಸಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಎಲ್ಲರೂ ಬದುವಿನ ಮೇಲೆ ಕೂತು ತಿಂದೆವು. ದೊಡ್ಡ ರೊಟ್ಟಿಯನ್ನು ತಾಯಮ್ಮ ನನ್ನ ಕೈಗೇ ಹಾಕಿದಳು. ಖಲೀಲಣ್ಣ ಕಂಡ ಹಕ್ಕಿಗಳನ್ನು ಬರೆದಿಡುವ ತಮ್ಮ ಪುಸ್ತಕದಲ್ಲಿ ಅವತ್ತಿನದನ್ನು ಹೀಗೆ ಬರೆದುಕೊಂಡರು: ಟಿಟ್ಟಿಭ ಎರಡು, ಮೊಟ್ಟೆ ನಾಲ್ಕು, ತಾಯಮ್ಮ ಒಂದು. ಹೊರಡುವ ಮುಂಚೆ ಎಲ್ಲರೂ ದೂರದಿಂದ ಬೈನಾಕ್ಯುಲರಿನಲ್ಲಿ ನೋಡಿದರು. ನನ್ನ ಸರದಿ ಬಂದಾಗ ಶಶಿ ಎಷ್ಟು ನಿಧಾನವಾಗಿ ಎಣಿಸಿದ ಅಂದರೆ, ಅವನು ಹನ್ನೆರಡಕ್ಕೆ ಬರುವಷ್ಟರಲ್ಲಿ ನನಗೇ ಕೈ ನೋವು ಬಂತು.

ಆಮೇಲಿನ ಮೂರು ಭಾನುವಾರವೂ ಯಾರೂ ತಮ್ಮ ವಾರ ಕೇಳಲಿಲ್ಲ, ಬೆಸಗರಹಳ್ಳಿಗೇ ಹೋದೆವು. ಹೋದಾಗಲೆಲ್ಲ ತಾಯಮ್ಮ ಕಳೆ ಕೀಳುವುದನ್ನು ಬಿಟ್ಟು ಬಂದು ವರದಿ ಒಪ್ಪಿಸುತ್ತಿದ್ದಳು. ನಾಯಿ ಓಡಿಸಿದ್ದು, ದನ ಕಾಯುವವರಿಗೆ ಬೈದು ಕಳಿಸಿದ್ದು, ಮಳೆ ಬಿದ್ದಾಗ ಬಂದು ನೋಡಿದ್ದು. ಮೂರು ಮರಿ ಆದವು. ಹತ್ತಿಯುಂಡೆಗೆ ಎರಡು ಕಡ್ಡಿ ಚುಚ್ಚಿದ ಹಾಗಿದ್ದವು. ಮರಿಗಳು ತಾಯಿಯ ಹಿಂದೆ ಗದ್ದೆ ದಾಟಿ ಹೋದ ಮೇಲೆ ತಾತ ಅಲ್ಲಿ ಹುರುಳಿ ಚೆಲ್ಲಿದರು.

ತಾತ ಹೋಗಿ ಹನ್ನೆರಡು ವರ್ಷವಾಯಿತು. ತಾಯಮ್ಮನೂ ಇಲ್ಲ. ಖಲೀಲಣ್ಣನಿಗೆ ಕಣ್ಣಿನ ಪೊರೆಯ ಆಪರೇಷನ್ ಆದರೂ ದೂರದ್ದು ಸರಿಯಾಗಿ ಕಾಣುವುದಿಲ್ಲ, ಕೂಗಿನಲ್ಲೇ ಹಕ್ಕಿ ಗುರುತಿಸುತ್ತಾರೆ. ನಾನು ಮಂಡ್ಯದಲ್ಲೇ ಹೈಸ್ಕೂಲು ಟೀಚರು. ಈಗಲೂ ಭಾನುವಾರ ಬಿಡುವುದಿಲ್ಲ. ನಮ್ಮ ಈಗಿನ ಗುಂಪಿನಲ್ಲಿ ಇಪ್ಪತ್ಮೂರು ಜನ. ಎಲ್ಲರ ಕೈಯಲ್ಲೂ ಒಳ್ಳೊಳ್ಳೆ ಬೈನಾಕ್ಯುಲರ್, ಯಾರೂ ಯಾರಿಗೂ ಇಪ್ಪತ್ತು ಎಣಿಸಬೇಕಾಗಿಲ್ಲ. ಒಳ್ಳೆಯ ಜನ, ತಿಳಿದವರು. ಹಕ್ಕಿಯ ಇಂಗ್ಲಿಷ್ ಹೆಸರು, ಶಾಸ್ತ್ರದ ಹೆಸರು, ಯಾವ ದೇಶದಿಂದ ಬಂತು ಅನ್ನುವುದು ಎಲ್ಲಾ ಬಾಯಿಪಾಠ.

ಹೋದ ಆಷಾಢದಲ್ಲಿ ಮಳವಳ್ಳಿ ಕಡೆ ಹೋಗಿದ್ದೆವು. ರಸ್ತೆ ಪಕ್ಕದ ಗದ್ದೆಯಲ್ಲಿ ಟಿಟ್ಟಿಭದ ಮೊಟ್ಟೆ ಸಿಕ್ಕವು. ಇಪ್ಪತ್ಮೂರು ಜನವೂ ಫೋಟೋ ತೆಗೆದೆವು. ನಾನು ತೆಗೆದದ್ದೇ ಚೆನ್ನಾಗಿ ಬಂದಿದೆ ಅಂತ ಗ್ರೂಪಿನಲ್ಲಿ ಎಲ್ಲರೂ ಹೊಗಳಿದರು. ಪಕ್ಕದ ಗದ್ದೆಯ ತನಕ ನೀರು ಬಂದು ನಿಂತಿದ್ದು ಕಂಡಿತ್ತು, ಬದುವಿನ ಮೇಲೆ ಟ್ರ್ಯಾಕ್ಟರಿನ ಗುರುತೂ ಹೊಸದಾಗಿತ್ತು. ಮನೆಗೆ ಬಂದ ಮೇಲೆ ಸಂಕಟ ಶುರುವಾಯಿತು. ಗದ್ದೆಯವರಿಗೆ ಒಂದು ಫೋನು ಮಾಡಿ, ಅಣ್ಣಾ, ಆ ಮೂಲೆ ಒಂದಷ್ಟು ದಿನ ಬಿಟ್ಟುಬಿಡಿ, ಬೈದರೆ ಬೈಯಿರಿ ಅಂತ ಕೇಳೋಣ ಅನ್ನಿಸಿತು. ಗ್ರೂಪಿನಲ್ಲಿ ವಿಚಾರಿಸಿದೆ.

ಇಪ್ಪತ್ಮೂರು ಜನರಲ್ಲಿ ಒಬ್ಬರಿಗೂ ಆ ಗದ್ದೆ ಯಾರದ್ದು ಅಂತ ಗೊತ್ತಿರಲಿಲ್ಲ. ಅಲ್ಲಿ ನಿಂತಿದ್ದ ಒಂದು ಗಂಟೆಯಲ್ಲಿ ನಾನೂ ಕೇಳಿರಲಿಲ್ಲ.