ಆರದೇ ಉಳಿದ ಒಂದು ದೀಪ

ಕೆಂಡದ ಮೇಲೆ ಕಾಯುವ ಎಂಜಿನ್ ಎಣ್ಣೆಯ ವಾಸನೆ. ತೌನೊ ಕಾರ್ಪಿನೆನ್ ಅವರಿಗೆ ಬಾಲ್ಯವೆಂದರೆ ಅದೇ. ಚಳಿ ಕಚ್ಚುವ ಬೆಳಗುಗಳಲ್ಲಿ ಅವರ ಅಪ್ಪ ಒಲೆಯ ಕೆಂಡವನ್ನು ತಗಡಿನ ತಟ್ಟೆಯಲ್ಲಿ ಹರಡಿ ಟ್ರ್ಯಾಕ್ಟರಿನ ಹೊಟ್ಟೆಯಡಿ ಇಡುತ್ತಿದ್ದರು. ಹೆಪ್ಪುಗಟ್ಟಿದ ಎಣ್ಣೆ ಮೆಲ್ಲಗೆ ಸಡಿಲಾಗುತ್ತಿತ್ತು. ತಂಗಿ ಸಿರ್ಕಾ ಮೂಗು ಮುಚ್ಚಿಕೊಂಡು ಓಡಿದರೆ, ತೌನೊ ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಿದ್ದರು.

ಈಗ ಅರವತ್ತು ದಾಟಿದ ತೌನೊ ಉತ್ತರದ ಹಿಮನಾಡಿನ ಕುಹ್ಮೊ ಪಟ್ಟಣದ ಸಾಲುಮನೆಗಳ ಮುಂದೆ ತಲೆಗೆ ದೀಪ ಕಟ್ಟಿಕೊಂಡು ನಿಂತಿದ್ದಾರೆ. ಬೆಳಕು ಹರಿಯಲು ಇನ್ನೂ ಬಹಳ ಹೊತ್ತಿದೆ. ಚಳಿ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಮುಂದೆ ಲೆಂಪಿ ಮುಸ್ತೊನೆನ್ ಅವರ ಕಾರು ಉಸಿರಿಲ್ಲದೆ ಬಿದ್ದಿದೆ. ಲೆಂಪಿ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಮಾತ್ರೆ ಕೊಟ್ಟು ಬರುವ ದಾದಿ.

"ರಾತ್ರಿಯೆಲ್ಲ ಕೇಬಲ್ ಚುಚ್ಚಿಯೇ ಇಟ್ಟಿದ್ದೆ ಕಣೋ," ಎಂದು ಅವರು ಕಾರಿನ ಎಂಜಿನ್ ಬೆಚ್ಚಗಿಡಲು ಅಂಗಳದಲ್ಲಿ ನೆಟ್ಟ ವಿದ್ಯುತ್ ಕಂಬ ತೋರಿಸುತ್ತಾರೆ.

"ಆ ಕೇಬಲ್ಲು ಎಂಜಿನ್ನಿಗೆ ಕಂಬಳಿ ಹೊದಿಸುತ್ತೆ ಲೆಂಪಿ, ಬ್ಯಾಟರಿಗೆ ಊಟ ಹಾಕಲ್ಲ. ಪ್ರತಿ ಚಳಿಗಾಲ ಹೇಳ್ತೀನಿ."

"ಪ್ರತಿ ಚಳಿಗಾಲ ಮರೀತೀನಿ. ಇಲ್ಲದಿದ್ರೆ ನಿನ್ನ ಮುಖ ನೋಡೋದು ಯಾವಾಗ?"

ಇಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಕಂಬಕ್ಕೆ ಚುಚ್ಚಿದ ಕಾರು ಬೆಳಿಗ್ಗೆ ಬೆಚ್ಚಗಿರುತ್ತದೆ, ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಸೀಟು ಕಾಯಿಸಲು ಕರೆಂಟು, ಗಾಜು ಕಾಯಿಸಲು ಕರೆಂಟು, ಎರಡು ಹೆಜ್ಜೆ ದಾರಿ, ಮತ್ತೆ ನಿಲುಗಡೆ. ಬ್ಯಾಟರಿ ಸದ್ದಿಲ್ಲದೆ ಬರಿದಾಗುತ್ತದೆ. ಆಗ ತೌನೊ ಅವರ ಫೋನು ಬಡಿದುಕೊಳ್ಳುತ್ತದೆ. ಚಳಿ ಬಿಗಿಯಾದ ದಿನ ಹದಿನೈದು, ಇಪ್ಪತ್ತು ಕರೆಗಳು. ತಾವು ದುಡಿಯುತ್ತಿದ್ದ ಮರ ಕೊಯ್ಯುವ ಸಾಮಿಲ್ಲು ಮುಚ್ಚಿದ ವರ್ಷ ಕೊಂಡ ಹಳೆಯ ವ್ಯಾನೇ ಅವರ ಅಂಗಡಿ. ಬಲಗೈಯ ಎರಡು ಬೆರಳುಗಳಿಗೆ ಸ್ಪರ್ಶ ಗೊತ್ತಾಗುವುದಿಲ್ಲ. "ಹಿಮ ತಿಂದುಬಿಡ್ತು. ಉಳಿದವು ಇನ್ನು ಕೆಲವು ಚಳಿಗಾಲ ಹೇಳಿದ ಮಾತು ಕೇಳಿದ್ರೆ ಸಾಕು," ಎನ್ನುತ್ತಾರೆ.

ವ್ಯಾನಿನ ಬ್ಯಾಟರಿಯಿಂದ ತಂತಿ ಎಳೆದು ಜೋಡಿಸುತ್ತಾರೆ. ಕಾರು ಕೆಮ್ಮಿ, ಇನ್ನೊಮ್ಮೆ ಕೆಮ್ಮಿ ಏಳುತ್ತದೆ. ಏಳುತ್ತಲೇ ಸ್ಟೀರಿಂಗಿನ ಹಿಂದೆ ಮದುವೆಮನೆಯಂತೆ ಎಚ್ಚರಿಕೆಯ ಸಾಲುದೀಪ.

"ಅಯ್ಯೋ, ಇಷ್ಟೊಂದು ದೂರುಗಳಾ ನನ್ನ ಮೇಲೆ?"

"ಹಸಿದು ಎದ್ದ ಮಗು ಅತ್ತ ಹಾಗೆ. ಹೆದರಬೇಡ. ಸ್ಟೀರಿಂಗು ಪೂರ್ತಿ ಎಡಕ್ಕೆ ತಿರುಗಿಸು. ಈಗ ಪೂರ್ತಿ ಬಲಕ್ಕೆ."

ಆಮೇಲೆ ಪಕ್ಕದಲ್ಲಿ ಕೂತು ಕೆರೆಯ ದಂಡೆಯ ನೇರ ರಸ್ತೆಯಲ್ಲಿ ಓಡಿಸಲು ಹೇಳುತ್ತಾರೆ. ಸ್ಟೀರಿಂಗಿನ ದೀಪ ಆರುತ್ತದೆ. ಜಾರುವ ಕಾರಿನ ಚಿತ್ರದ ದೀಪ ಆರುತ್ತದೆ. ಲೆಂಪಿ ಒಂದೊಂದಕ್ಕೂ "ಹೋಯ್ತು!" ಎನ್ನುತ್ತಾರೆ. ಅಂಗಳಕ್ಕೆ ಮರಳಿದರೂ ಒಂದು ಮಾತ್ರ ಹೋಗುವುದಿಲ್ಲ. ಅಪಘಾತದಲ್ಲಿ ಉಬ್ಬಿ ಎದೆ ಕಾಯುವ ಗಾಳಿಚೀಲದ್ದು.

"ಮಧ್ಯಾಹ್ನ ತಪಾಸಣೆಗೆ ಹೋಗಬೇಕಲ್ಲೋ," ಲೆಂಪಿಯ ದನಿ ಇಳಿಯುತ್ತದೆ. ಆ ದೀಪ ಉರಿಯುತ್ತಿದ್ದರೆ ವರ್ಷದ ತಪಾಸಣೆಯಲ್ಲಿ ಕಾರು ಪಾಸಾಗುವುದಿಲ್ಲ. ಅದನ್ನು ಆರಿಸಲು ಕಾರಿನ ಕಂಪ್ಯೂಟರಿನ ನೆನಪನ್ನು ಓದುವ ಯಂತ್ರ ಬೇಕು. ಅದು ತೌನೊ ಬಳಿ ಇಲ್ಲ. ಇರುವುದು ಎಸಾ ಪೀರೈನೆನ್ ಬಳಿ. ಎಸಾ, ತಂಗಿ ಸಿರ್ಕಾಳ ಗಂಡ.

ಎರಡು ವರ್ಷದ ಹಿಂದೆ ಎಸಾ ಹೆದ್ದಾರಿಯ ಬದಿಗೆ ಗ್ಯಾರೇಜು ತೆರೆದರು. ಊರಿನ ಪತ್ರಿಕೆ ಅವರ ದೊಡ್ಡ ಫೋಟೊ ಹಾಕಿತು. ತೌನೊ ಅವರ ಹಳೆಯ ಗಿರಾಕಿಗಳು ಅವರಿಗೆ ಕೈ ಬೀಸಿ, ಅತ್ತ ತಿರುಗತೊಡಗಿದರು.

"ಹೊಟ್ಟೆಕಿಚ್ಚಿಲ್ಲ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾರೆ ತೌನೊ. "ಅವನ ಗ್ಯಾರೇಜಿನ ನೆಲಾನೇ ಬಿಸಿ! ನಾನು ಹಿಮದ ಮೇಲೆ ಬೆನ್ನು ಕೊಟ್ಟು ಮಲಗಿದಾಗೆಲ್ಲ ಆ ನೆಲ ಕಣ್ಣ ಮುಂದೆ ಬರುತ್ತೆ. ಕಾಫಿನೂ ಚೆನ್ನಾಗಿರುತ್ತಂತೆ. ಬಂದವರೆಲ್ಲ ಅದನ್ನ ನಂಗೇ ಹೇಳ್ಬೇಕಾ?"

ಗುರುವಾರ ಗುರುವಾರ ತಂಗಿಯ ಮನೆಯಲ್ಲಿ ಬಟಾಣಿ ಸೂಪು ಉಣ್ಣುತ್ತಿದ್ದವರು ಅಂದಿನಿಂದ ಹೋಗಿಲ್ಲ. ಕೇಳಿದರೆ, ಕೆಲಸ ಜಾಸ್ತಿ.

"ದೀಪದ ಮೇಲೆ ಒಂದು ಚೂರು ಕಪ್ಪು ಟೇಪು ಅಂಟಿಸಿಬಿಡು, ಯಾರಿಗೆ ಕಾಣುತ್ತೆ?" ಎನ್ನುತ್ತಾರೆ ಲೆಂಪಿ, ಅರ್ಧ ತಮಾಷೆಗೆ.

ಟೇಪು ತೌನೊ ಜೇಬಿನಲ್ಲೇ ಇದೆ. ಕೈ ಅಲ್ಲಿಗೆ ಹೋಗುತ್ತದೆ ಕೂಡ. ಟೇಪು ಸಾಕಾದರೆ ಎಸಾ ಬೇಕಿಲ್ಲ. ಆದರೆ ಈ ಹೆಂಗಸು ದಿನವಿಡೀ ಗಾಜಿನಂಥ ಮಂಜುಗಡ್ಡೆಯ ರಸ್ತೆಯಲ್ಲಿ ಓಡಾಡುವವಳು. ಜೇಬಿನಿಂದ ಹೊರಬರುವುದು ಫೋನು.

"ಎಸಾ, ನಾನು."

"ಭಾವ! ಯಾರಾದ್ರೂ ತೀರ್ಕೊಂಡ್ರಾ?"

"ಯಾರೂ ಇಲ್ಲ. ಲೆಂಪಿ ಕಾರಲ್ಲಿ ಗಾಳಿಚೀಲದ ದೀಪ ಆರ್ತಿಲ್ಲ. ನಿನ್ನ ಯಂತ್ರ ಬೇಕು. ಅವಳನ್ನ ಕಳಿಸ್ತೀನಿ."

"ಈಗಷ್ಟೇ ಎದ್ದ ಬ್ಯಾಟರಿ. ದಾರೀಲಿ ನಿಂತ್ರೆ? ನೀವೂ ಹಿಂದೆ ಬನ್ನಿ."

ತೌನೊ ಫೋನು ಇಡುತ್ತಾರೆ. ಆದರೂ ಲೆಂಪಿಯ ಕಾರಿನ ಹಿಂದೆ ವ್ಯಾನು ಹೊರಡುತ್ತದೆ. ಗ್ಯಾರೇಜಿನ ಬಾಗಿಲಲ್ಲಿ ನಿಲ್ಲುತ್ತದೆ. ತೌನೊ ಇಳಿಯುವುದಿಲ್ಲ. ಗಾಜಿನಾಚೆ ಎಸಾ ಯಂತ್ರ ಚುಚ್ಚಿ, ಗಾಳಿಚೀಲ ಸರಿಯಿದೆಯೇ ಎಂದು ಪರೀಕ್ಷಿಸಿ, ಗುಂಡಿ ಒತ್ತುವುದನ್ನು ನೋಡುತ್ತಾರೆ. ಕಾಫಿ ಒಂದು ಗುಟುಕು ಕುಡಿಯುವಷ್ಟರಲ್ಲಿ ದೀಪ ಹೋಗುತ್ತದೆ. ಲೆಂಪಿ ಹೊರಬಂದು ಇಬ್ಬರಿಗೂ ಕೈ ಬೀಸಿ, ಮಾತ್ರೆಗೆ ಕಾಯುತ್ತಿರುವವರ ಕಡೆಗೆ ಹೊರಟುಹೋಗುತ್ತಾರೆ.

ಎಸಾ ಕೋಟಿಲ್ಲದೆ, ಬರೀ ಅಂಗಿಯಲ್ಲೇ ವ್ಯಾನಿನ ಬಳಿ ಬರುತ್ತಾರೆ.

"ಒಳಗೆ ಬರಲ್ವಾ?"

"ಬೂಟು ಒದ್ದೆ. ನಿನ್ನ ನೆಲ ಹಾಳಾಗುತ್ತೆ."

"ಆ ನೆಲದ ಮೇಲೆ ಕೂತು ಎಲ್ಲರೂ ಏನು ಮಾತಾಡ್ತಾರೆ ಗೊತ್ತಾ? ಕಾಡಿನ ಮಧ್ಯೆ ತೌನೊ ಬಂದ, ಬಿರುಗಾಳೀಲಿ ತೌನೊ ಬಂದ. ಕಾಫಿ ನಂದು, ಕತೆ ನಿಮ್ಮದು. ನಂಗೇನು ಹೊಟ್ಟೆ ಉರಿಯಲ್ವಾ?"

ತೌನೊ ಮುಂದಿನ ಗಾಜನ್ನೇ ನೋಡುತ್ತಾರೆ. ಮೀಸೆಯಡಿ ಏನೋ ಅಲುಗಿದಂತಾಗುತ್ತದೆ.

"ಇವತ್ತು ಯಾವ ವಾರ?" ಎಂದು ಕೊನೆಗೆ ಕೇಳುತ್ತಾರೆ.

"ಗುರುವಾರ. ಸಿರ್ಕಾ ಗುರುವಾರ ಗುರುವಾರ ಎರಡು ಡಬ್ಬಿ ಸೂಪು ಕಟ್ತಾಳೆ, ಅಣ್ಣ ಆ ಕಡೆ ಬಂದ್ರೆ ಅಂತ. ಎರಡು ವರ್ಷದಿಂದ ಎರಡನ್ನೂ ನಾನೇ ತಿಂತಿದೀನಿ. ನೋಡಿ ನನ್ನ ಹೊಟ್ಟೆ."

ಎಸಾ ಒಳಗೆ ಹೋಗಿ ಬರುತ್ತಾರೆ. ಉಣ್ಣೆಯ ಟೊಪ್ಪಿಗೆಯಲ್ಲಿ ಸುತ್ತಿದ ಡಬ್ಬಿ ಇನ್ನೂ ಬಿಸಿಯಾಗಿದೆ. ಅದನ್ನು, ಮೇಲೊಂದು ಚಮಚವಿಟ್ಟು, ಕಿಟಕಿಯೊಳಗೆ ಚಾಚುತ್ತಾರೆ. ತೌನೊ ಕೈಗವಸು ಕಳಚಿ, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಳ್ಳುತ್ತಾರೆ.