ಕತ್ತರಿ ಕೆಳಗಿಟ್ಟ ವರ್ಷ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ‘ಇನ್ನೊಂಚೂರು’ ಎಂದು. ನಲವತ್ತು ವರ್ಷದಿಂದ ಕ್ಷೌರದಂಗಡಿ ನಡೆಸುತ್ತಿದ್ದವನು. ಬರೀ ತುದಿ ತೆಗೆದರೆ ಸಾಕಪ್ಪಾ ಎಂದು ಗಿರಾಕಿ ಎಷ್ಟು ಬೇಡಿಕೊಂಡರೂ, ಕನ್ನಡಿಯಲ್ಲಿ ಕಣ್ಣು ಕಿರಿದು ಮಾಡಿ ನೋಡಿ, “ಇನ್ನೊಂಚೂರು ತೆಗೀತೀನಿ, ಸಮ ಆಗತ್ತೆ” ಅನ್ನುತ್ತಿದ್ದ. ಆ ಒಂಚೂರಿನಲ್ಲಿ ಅರ್ಧ ತಲೆ ಬೋಳಾಗಿರುತ್ತಿತ್ತು. ಆದರೂ ಜನ ಮತ್ತೆ ಅಲ್ಲಿಗೇ ಬರುತ್ತಿದ್ದರು. ಕೈ ಅಷ್ಟು ಹಗುರ, ಮಾತು ಅಷ್ಟು ರುಚಿ.

ಅಂಗಡಿಯ ಹಿಂದೆಯೇ ಮನೆ. ನಡುವೆ ನಾಲ್ಕು ಹೆಜ್ಜೆಯ ಅಂಗಳ. ಅಲ್ಲಿ ದಿನವಿಡೀ ಬಿಸಿಲು, ನೆಲದಲ್ಲಿ ಮಣ್ಣಿಗಿಂತ ಇಟ್ಟಿಗೆ ಚೂರು, ಮರಳೇ ಹೆಚ್ಚು. ಆ ಒಣನೆಲದಲ್ಲಿ ಅವನ ಹೆಂಡತಿಯ ತವರಿನ ಗಿಡವೊಂದಿತ್ತು. ಎಂಟು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ಆ ಮನೆಯಿಂದ ಅವಳು ಕೇಳಿ ತಂದದ್ದು ಅದೊಂದೇ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೇರಿನ ತುಂಡು. ಬೂದುಹಸಿರು ಎಲೆ, ವರ್ಷವಿಡೀ ಉದುರುವುದಿಲ್ಲ. ನೀರು ನಿಂತರೆ ಕೊಳೆಯುತ್ತದೆ, ಬಿಸಿಲು ಎಷ್ಟಿದ್ದರೂ ಸೈ. ಮಳೆ ನಿಂತು ಚಳಿ ಕಾಲಿಡುವ ಮುಂಚೆ ಅದು ನೇರಳೆ ಹೂ ಬಿಡಬೇಕು. ತವರಿನಲ್ಲಿ ಗೋಡೆಯೇ ಕಾಣದಷ್ಟು ಬಿಡುತ್ತಿತ್ತಂತೆ. ಅದರ ಆರೈಕೆಯೆಲ್ಲ ತಾಯಿಯದು, ಮಗಳಿಗೆ ಗೊತ್ತಿದ್ದದ್ದು ಹೂ ಮಾತ್ರ. ಇಲ್ಲಿ ಬಂದಮೇಲೆ ಒಂದೇ ಒಂದು ಹೂವಿಲ್ಲ.

ಅವಳು ಮಾಡದ ಉಪಾಯವಿಲ್ಲ. ನೀರು ಕಡಿಮೆ ಮಾಡಿದಳು, ಗೊಬ್ಬರ ಹಾಕಿದಳು, ಹಾಕಿದ ಗೊಬ್ಬರ ಕೆದಕಿ ತೆಗೆದಳು. ಕೊನೆಗೊಂದು ದಿನ ಬಟ್ಟೆ ಒಣಹಾಕುತ್ತ, ಗಂಡನ ಮುಖ ನೋಡದೆ ಹೇಳಿದಳು:

“ತಮ್ಮ ಬರ್ತಾನಲ್ಲ, ಅವನ ಜೊತೆ ವಾಪಸ್ ಕಳಿಸಿಬಿಡ್ತೀನಿ ರೀ. ಅಮ್ಮನ ಗಿಡ ನನಗೆ ಒಲೀಲಿಲ್ಲ. ಏನೋ ತಪ್ಪು ನನ್ನಲ್ಲೇ ಇದೆ.”

ಅವನು ತನ್ನ ಕೈಲಾದದ್ದು ಮಾಡೋಣವೆಂದು, ರಜೆಯ ದಿನ ಎಂದಿನಂತೆ ಹಳೇ ಕತ್ತರಿ, ಬಾಚಣಿಗೆ ಹಿಡಿದು ಗಿಡದ ಮುಂದೆ ಕೂತ. ಪಕ್ಕದಲ್ಲಿ ಗಿಡ್ಡ, ನೆತ್ತಿಯಲ್ಲಿ ತುಸು ದಪ್ಪ. ಪಾಪ, ಹೋಗುವಾಗಲಾದರೂ ಲಕ್ಷಣವಾಗಿ ಹೋಗಲಿ ಎಂದು.

ಅವಳ ತಮ್ಮ ಬಂದ. ಗಿಡದ ಸುತ್ತ ಒಂದು ಸುತ್ತು ಹಾಕಿ ಬಂದು ಅಂಗಡಿಯ ಕುರ್ಚಿಯಲ್ಲಿ ಕೂತ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಮೇಲೆ ಕೇಳಿದ:

“ಭಾವ, ಆ ಗಿಡ ಕತ್ತರಿಸೋದು ಯಾರು?”

“ಇನ್ಯಾರು, ನಾನೇ. ವಾರವಾರ. ಹೇಗಿದೆ?”

“ಅಮ್ಮನ ಜೊತೆ ನಾನೇ ಕತ್ತರಿಸ್ತಿದ್ದೆ. ಅದು ಹೂ ಬಿಡೋದು ತುದೀಲಿ, ಭಾವ. ಬೇಸಿಗೆಯಿಂದ ಬೆಳೆದು ಬಂದ ಕಡ್ಡಿ ತುದೀಲಿ ಮಾತ್ರ. ಕತ್ತರಿಸೋದಾದ್ರೆ ಹೂವೆಲ್ಲ ಒಣಗಿದ ಮೇಲೆ, ವರ್ಷಕ್ಕೊಂದೇ ಸಲ.”

ಕ್ಷೌರದ ಕತ್ತಿ ಗಾಳಿಯಲ್ಲೇ ನಿಂತಿತು. ಅದನ್ನು ನೋಡಿ ಭಾವಮೈದುನ ನೊರೆಯೊಳಗಿಂದಲೇ, “ಅಕ್ಕಂಗೆ ನಾನಂತೂ ಹೇಳಲ್ಲ, ಭಾವ. ಮೊದಲು ಕತ್ತಿ ಕೆಳಗಿಡಿ” ಎಂದ.

ಹೆಂಡತಿಗೆ ಅವನು ಹೇಳಿದ್ದು ಇಷ್ಟೇ: “ಇನ್ನೊಂದು ವರ್ಷ ಇಲ್ಲೇ ಇರಲಿ.” ದಿನಕ್ಕೆ ಇಪ್ಪತ್ತು ಜನರ ಹತ್ತಿರ ಹರಟುವವನಿಗೆ ಉಳಿದ ಮಾತು ಬಾಯಿಗೆ ಬರಲಿಲ್ಲ. ಬಿಸಿ ತುಪ್ಪ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು.

ಆ ವರ್ಷ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಗಿಡ ಅಡ್ಡಾದಿಡ್ಡಿ ಬೆಳೆಯಿತು, ಬಾಗಿಲಿಗೆ ಚಾಚಿತು, ಅವನ ಕೈ ತುರಿಸಿತು. ಹುಟ್ಟುಗುಣ ಸುಟ್ಟರೂ ಹೋಗದು. ಆ ಹಳೇ ಕತ್ತರಿಯನ್ನು ಬೀರುವಿನ ಮೇಲಿಟ್ಟ. ಒಂದು ದಿನ ಸ್ಟೂಲು ಹತ್ತಿ, ಅದನ್ನು ಮುಟ್ಟಿ, ನಾಚಿಕೊಂಡು ಇಳಿದ. “ಏನಯ್ಯಾ ಇನ್ನೊಂಚೂರು, ನಿನ್ನ ಮನೆ ಗಿಡಕ್ಕೇ ಕ್ಷೌರ ಇಲ್ವಾ?” ಎಂದು ಗಿರಾಕಿಗಳು ಕಾಲೆಳೆದರೂ ಅದನ್ನು ಕೆಳಗಿಳಿಸಲಿಲ್ಲ.

ಮಳೆ ನಿಂತಿತು. ತುದಿತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು. ಹತ್ತೇ ದಿನಕ್ಕೆ ಅಂಗಳವೆಲ್ಲ ನೇರಳೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಲ್ಲೇ ಅತ್ತಳು.

“ಅಮ್ಮ ಕೊನೆಗೂ ನನ್ನನ್ನ ಕ್ಷಮಿಸಿದಳು ರೀ.”

ಈಗ ಅವನು ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ಅವನಿಂದಾಗಲಿಲ್ಲ.

“ಕ್ಷಮಿಸೋಕೆ ನೀನೇನು ತಪ್ಪು ಮಾಡಿದ್ದೆ? ಎಂಟು ವರ್ಷ ಮೊಗ್ಗು ಕತ್ತರಿಸಿದವನು ನಾನು. ನನಗೆ ಗೊತ್ತಾಗಿ ಒಂದು ವರ್ಷವಾಯ್ತು, ಹೇಳೋಕೆ ಧೈರ್ಯ ಬರಲಿಲ್ಲ.”

ಅವಳು ಅವನನ್ನು ನೋಡಿದಳು, ಗಿಡ ನೋಡಿದಳು, ಒಳಗೆ ಹೋದಳು. ಮಧ್ಯಾಹ್ನದ ಊಟ ಮುಚ್ಚಿಟ್ಟ ತಟ್ಟೆಯಲ್ಲಿ ಬಂತು, ಮಾತು ಬರಲಿಲ್ಲ.

ಮೂರು ಗಂಟೆಗೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಳು ಅಂಗಡಿಗೆ ಬಂದಳು. ನಲವತ್ತು ವರ್ಷದಲ್ಲಿ ಒಂದು ಸಲವೂ ಕೂರದ ಕುರ್ಚಿಯಲ್ಲಿ ಕೂತು, ತುರುಬು ಬಿಚ್ಚಿದಳು. ನರೆತ ಕೂದಲು ಕುರ್ಚಿಯ ಹಿಂದಕ್ಕೆ ಇಳಿಬಿತ್ತು.

“ತುದಿ ಒಡೆದಿದೆ. ಒಂದು ಬೆರಳಷ್ಟು ತೆಗೀರಿ. ಇನ್ನೊಂಚೂರು ಅಂದ್ರೆ ಎದ್ದು ಹೋಗ್ತೀನಿ.”

ಅವನು ಅವಳ ಹೆಗಲಿಗೆ ಬಿಳಿ ಬಟ್ಟೆ ಹೊದಿಸಿದ. ಬಾಚಣಿಗೆ ಎತ್ತಿಕೊಂಡಾಗ ಅವಳು ಕನ್ನಡಿಯೊಳಗಿಂದ ಅವನನ್ನೇ ನೋಡುತ್ತಿದ್ದಳು.

“ನಿಧಾನ,” ಎಂದಳು. “ಮೊಗ್ಗಿದ್ರೆ ನೋಡ್ಕೊಂಡು ಕತ್ತರಿಸಿ.”