ಗ್ರಂಥಋಣದ ಕೊನೆಯ ಎರಡು ಹೆಸರು

ಪದವಿಯ ಕೊನೆಯ ವರ್ಷ ನಾನು ಬರೆದ ಪ್ರಾಜೆಕ್ಟಿನ ಮೇಲೆ ನನಗೆ ಎಷ್ಟು ಜಂಬವಿತ್ತೆಂದರೆ, ಬೈಂಡಿಂಗ್ ಮಾಡಿಸಿದ ಪ್ರತಿಯನ್ನು ಚೀಲಕ್ಕೆ ಹಾಕದೆ, ಹೊನ್ನಾವರದ ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗೂ ಎದೆಗೆ ಒತ್ತಿಕೊಂಡೇ ನಡೆದಿದ್ದೆ. ಮುಖಪುಟ ಎಲ್ಲರಿಗೂ ಕಾಣುವ ಹಾಗೆ. ವಿಷಯ: ಶರಾವತಿಯ ಅಳಿವೆಯಲ್ಲಿ ಬಳಚು ತೆಗೆಯುವ ಹೆಂಗಸರು. ಬಳಚು ಎಂದರೆ ಹೊಳೆಯ ಕೆಸರಲ್ಲಿ ಹುದುಗಿರುವ ಚಿಪ್ಪುಮೀನು. ಮಾವಿನಕುರ್ವೆಯ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲವಾದರೂ ಅದರದ್ದೇ ಪದಾರ್ಥ. ಕೊನೆಯಲ್ಲಿ ಗ್ರಂಥಋಣವೇ ಎರಡು ಪುಟ ತುಂಬಿತ್ತು. ಅದರಲ್ಲಿ ಅರ್ಧ ಪುಸ್ತಕಗಳ ಬೆನ್ನು ಮಾತ್ರ ನೋಡಿದ್ದೆ ಎಂಬುದು ಬೇರೆ ಮಾತು.

ಮೂರು ದಿನ ಕಳೆದು ಗೈಡ್ ಮೇಡಂ ಕರೆದರು. ಕುಮಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವರು ಕಡಿಮೆ ಮಾತಿನವರು. ನಾನು ಹೊಗಳಿಕೆ ಕೇಳಲು ತಯಾರಾಗಿಯೇ ಹೋದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೆ ನನ್ನ ಪ್ರಾಜೆಕ್ಟನ್ನು ಹಾಕಿದ್ದರು. ಇಡೀ ಮೂರನೇ ಅಧ್ಯಾಯ ಹಳದಿಯಾಗಿತ್ತು.

"ಎಂತ ಇದು?" ಅಂದರು.

ಪಕ್ಕದಲ್ಲೇ ಇನ್ನೊಂದು ಲೇಖನ ತೆರೆದುಕೊಂಡಿತ್ತು. ಯಾರೋ ಸಂಶೋಧಕರು ಹೊಳೆನೀರಿನ ಏರಿಳಿತದ ಬಗ್ಗೆ ಕೆಲವು ವರ್ಷಗಳ ಹಿಂದೆಯೇ ಪ್ರಕಟಿಸಿದ್ದು. 'ತಿಥಿಯ ಮುಕ್ಕಾಲಿಗೆ ಭರತ. ಅಲ್ಲಿಂದ ಆರು ತಾಸಿಗೆ ಇಳಿತ. ಮೂಲೆ ಒಡೆದ ಮೂರನೇ ಮೆಟ್ಟಿಲು ಕಂಡರೆ ಬುಟ್ಟಿ ಎತ್ತಬೇಕು. ತಣ್ಣಗಿನ ಕೆಸರು ಬಿಟ್ಟು ಬೆಚ್ಚಗಿನ ಕೆಸರಿಗೆ ಕೈ ಹಾಕಬೇಕು.' ನನ್ನ ವಾಕ್ಯಗಳೇ! ಒಂದು ಶಬ್ದ ಆಚೀಚೆ ಇಲ್ಲ.

"ನಾನು ಈ ಲೇಖನ ನೋಡೇ ಇಲ್ಲ ಮೇಡಂ, ದೇವರಾಣೆ."

"ಆಣೆಗೆ ಅಡಿಟಿಪ್ಪಣಿ ಹಾಕೂಕೆ ಬರೋದಿಲ್ಲ. ಇದು ಎಲ್ಲಿಂದ ಬಂತು ಅಂತ ತೋರಿಸಿದ್ರೆ ಸಹಿ ಹಾಕ್ತೆ. ಇಲ್ಲಾಂದ್ರೆ ಇಲ್ಲ. ಸೋಮವಾರ ಕೊನೇ ದಿನ."

ಸಹಿ ಇಲ್ಲದಿದ್ದರೆ ಪ್ರಾಜೆಕ್ಟಿಲ್ಲ, ಪ್ರಾಜೆಕ್ಟಿಲ್ಲದಿದ್ದರೆ ಆ ವರ್ಷ ಪದವಿಯಿಲ್ಲ. ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಬಸ್ಸಿನಲ್ಲಿ ಕೂತವಳು ಇಳಿಯುವವರೆಗೂ ಆ ಸಂಶೋಧಕನಿಗೆ ಮನಸ್ಸಿನಲ್ಲೇ ಬೈದೆ. ಯಾಕೆಂದರೆ ಆ ಮಾತುಗಳು ಯಾವ ಬಾಯಿಂದ ಬಂದವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ, ನಲವತ್ತು ವರ್ಷ ಬಳಚು ತೆಗೆದವಳು. ಆ ಲೆಕ್ಕವನ್ನು ಮಗ್ಗಿ ಒಪ್ಪಿಸಿದ ಹಾಗೆ ಯಾವಾಗಲೂ ಅದೇ ಶಬ್ದಗಳಲ್ಲಿ ಹೇಳುತ್ತಿದ್ದಳು. ನಾನು ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದೆ.

ಅವಳು ಹಿತ್ತಲಲ್ಲಿ ಕೂತು ಬಳಚು ಒಡೆಯುತ್ತಿದ್ದಳು.

"ದೊಡ್ಡಮ್ಮಾ, ಭರತದ ಲೆಕ್ಕ ಯಾರಿಗಾದ್ರೂ ಹೇಳಿದ್ಯಾ ನೀನು?"

"ಕೇಳಿದವ್ರಿಗೆಲ್ಲ ಹೇಳ್ತೆ. ಎಂತಕ್ಕೆ?"

"ಬರ್ಕಳ್ಳೂಕೆ ಯಾರಾದ್ರೂ ಬಂದಿದ್ರಾ?"

ಅವಳು ಕತ್ತಿ ನಿಲ್ಲಿಸಿ ನೆನಪು ಮಾಡಿಕೊಂಡಳು. "ಒಬ್ಬ ಬಂದಿದ್ದ. ಕನ್ನಡಕದವ. ನೀ ಆಗ ಶಾಲೇಲಿ ಏಳನೇತ್ತಿ. ಎರಡು ದಿನ ಹೊಳೆಬದಿ ಧಕ್ಕೆ ಮೇಲೆ ಕೂತ್ಕಂಡು ಬರ್ಕಂಡ. ಬಳಚಿನ ಸುಕ್ಕ ಉಂಡು ಚಲೋ ಆಗ್ಯದೆ ಅಂದ."

ನಾನು ಹಿತ್ತಲಲ್ಲೇ ಕುಣಿದುಬಿಟ್ಟೆ! ದೊಡ್ಡಮ್ಮನಿಗೆ ಏನೂ ಅರ್ಥವಾಗದೆ, ಹುಡುಗಿಗೆ ಬಿಸಿಲು ಹೆಚ್ಚಾಯಿತೆಂದು ಎಳನೀರು ತರಲು ಎದ್ದಳು.

ಮೇಡಂಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. "ಹಾಗಾದ್ರೆ ಬಂದು ನೋಡ್ತೆ," ಅಂದರು.

ಭಾನುವಾರ ಬೆಳಿಗ್ಗೆ ಏಳೂವರೆಗೇ ಬಂದರು. ಮನೆಯ ಹಿಂದೆ ಹೊಳೆಗೆ ಇಳಿಯಲು ಅಜ್ಜ ಕೆಂಪು ಚಿರೆಕಲ್ಲಿನಲ್ಲಿ ಕಟ್ಟಿಸಿದ ಸಣ್ಣ ಧಕ್ಕೆಯಿದೆ. ಅದರ ಮೇಲೆ ಮೇಡಂಗೆ ಕುರ್ಚಿ ಹಾಕಿದೆವು. ನೀರಿನ ಮೇಲೆ ಎರಡು ಮೆಟ್ಟಿಲು ಮಾತ್ರ ಕಾಣುತ್ತಿದ್ದವು.

"ಇವತ್ತು ಪಂಚಮಿ," ಎಂದು ದೊಡ್ಡಮ್ಮ ಬೆರಳು ಮಡಚಿದಳು. "ಐದರ ಮುಕ್ಕಾಲು ಅಂದ್ರೆ ಮೂರೂ ಮುಕ್ಕಾಲು. ಬೆಳಗಿನ ಜಾವ ಭರತ ಆಗಿ ಹೋತು. ಆರು ತಾಸು ಕೂಡ್ಸಿ. ಒಂಬತ್ತೂ ಮುಕ್ಕಾಲಿಗೆ ಪೂರಾ ಇಳ್ತ. ಮೂರನೇ ಮೆಟ್ಲು ಎಂಟಕ್ಕೆ ಕಾಣ್ತದೆ."

ಮೇಡಂ ಮೊಬೈಲಿನಲ್ಲಿ ಭರತ-ಇಳಿತದ ಪಟ್ಟಿ ತೆಗೆದರು. ಹುಬ್ಬು ಮೇಲೆ ಹೋಯಿತು. ಮೊಬೈಲನ್ನು ನನಗೆ ತೋರಿಸಿದರು. ಹತ್ತು ನಿಮಿಷದ ವ್ಯತ್ಯಾಸ, ಅಷ್ಟೇ!

ಎಂಟಾಯಿತು. ನೀರು ಅಲ್ಲೇ ಇತ್ತು. ಇವತ್ತೊಂದು ದಿನ ಹೊಳೆ ಕೈಕೊಟ್ಟರೆ? ಎಂಟೂ ಐದಕ್ಕೆ ಒಂದು ಅಲೆ ಹಿಂದೆ ಸರಿದಾಗ ಕೆಂಪಗೆ ಏನೋ ಕಂಡು ಮತ್ತೆ ಮುಳುಗಿತು. ನಾನು ಮೊಣಕಾಲೂರಿ ಬಗ್ಗಿದೆ. ಇನ್ನೊಂದು ಅಲೆ ಸರಿಯಿತು. ಮೆಟ್ಟಿಲು ಪೂರಾ ಮೇಲೆ ಬಂತು. ಎಡಗಡೆ ಮೂಲೆ ಒಡೆದಿತ್ತು. ನಾನು ಹುಟ್ಟುವ ಮೊದಲೇ ಅಜ್ಜನ ದೋಣಿ ಬಡಿದು ಒಡೆದದ್ದಂತೆ. ಊರಿನ ಬೇರೆ ಯಾರ ಧಕ್ಕೆಯಲ್ಲೂ ಇಂಥ ಮೆಟ್ಟಿಲಿಲ್ಲ. ಮೇಡಂ ಚಪ್ಪಲಿ ಬಿಟ್ಟು ಇಳಿದು ಆ ಮೂಲೆಯನ್ನು ಕೈಯಿಂದ ಮುಟ್ಟಿದರು. "ಲೇಖನದಲ್ಲಿರೋದು ಇದೇ ಮೆಟ್ಟಿಲು!" ಎಂದು ಜೋರಾಗಿ ನಕ್ಕರು. ಮೂರು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ನನ್ನನ್ನು ಹಿಡಿಯುವವರೇ ಇರಲಿಲ್ಲ. "ನೋಡಿದ್ರಾ ಮೇಡಂ! ಅಷ್ಟೂ ದೊಡ್ಡಮ್ಮಂದು. ಆ ಮನುಷ್ಯ ಅವಳ ಹೆಸರೇ ಹಾಕಲಿಲ್ಲ. 'ಸ್ಥಳೀಯರ ಪ್ರಕಾರ' ಅಂತ ಬರೆದು ಕೈ ತೊಳ್ಕಂಡಿದ್ದಾನೆ. ಕಳ್ಳ!"

ಮೇಡಂ ಚೀಲದಿಂದ ನನ್ನ ಪ್ರಾಜೆಕ್ಟ್ ತೆಗೆದು ಮೂರನೇ ಅಧ್ಯಾಯ ಬಿಡಿಸಿ ಕೊಟ್ಟರು. "ನೀನೆಂತ ಬರ್ದಿದ್ದೆ, ಓದು."

'ಅಧ್ಯಯನದಿಂದ ತಿಳಿದುಬಂದಿರುವುದೇನೆಂದರೆ,' ಎಂದು ಓದಿದೆ. ಮುಂದೆ ಓದಲಾಗಲಿಲ್ಲ. ಕಿವಿ ಬಿಸಿಯಾಯಿತು. ಅವನು ಸ್ಥಳೀಯರು ಅಂತಾದರೂ ಬರೆದಿದ್ದ. ನಾನು ಅದನ್ನೂ ಬರೆದಿರಲಿಲ್ಲ. ಬೆನ್ನು ಮಾತ್ರ ನೋಡಿದ ಪುಸ್ತಕಗಳಿಗೆ ಲೇಖಕ, ಪ್ರಕಾಶಕ, ಇಸವಿ ಎಲ್ಲ ಹಾಕಿದವಳಿಗೆ, ದಿನಾ ಅನ್ನ ಬಡಿಸುವವಳ ಹೆಸರು ಹಾಕಬೇಕೆಂದು ಹೊಳೆಯಲೇ ಇಲ್ಲ. ಪುಸ್ತಕದಲ್ಲಿದ್ದದ್ದು ಇನ್ನೊಬ್ಬರದ್ದು, ಮನೆಯಲ್ಲಿ ಕೇಳಿದ್ದು ನನ್ನದೇ ಎಂದು ತಿಳಿದಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ದೊಡ್ಡಮ್ಮನಿಗೆ ಮಾತ್ರ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ಪ್ಯಾಟೆಗೆ ಮೀನು ತಕಂಡು ಹೋದ್ರೆ ಯಾರ ದೋಣಿದು ಅಂತ ಮೊದ್ಲು ಕೇಳ್ತ್ರು. ನಿನ್ನ ಹತ್ರ ಕಾಲೇಜಲ್ಲಿ ಯಾರೂ ಕೇಳಲಿಲ್ವಾ?"

"ಈಗ ಕೇಳೂಕೇ ಬಂದದ್ದು," ಅಂದರು ಮೇಡಂ.

ಅಲ್ಲೇ ಕೂತು ಬರೆಯುವ ಕ್ರಮ ಹೇಳಿಕೊಟ್ಟರು. ಹೇಳಿದವರ ಹೆಸರು, ವಯಸ್ಸು, ಕಸುಬು, ಊರು, ಕೇಳಿದ ದಿನ. ಮೂರನೇ ಅಧ್ಯಾಯದ ಒಂದೊಂದು ಮಾತಿಗೂ ಅಡಿಟಿಪ್ಪಣಿ. ಆ ಸಂಶೋಧಕನ ಲೇಖನವೂ ಪಟ್ಟಿಯಲ್ಲಿ ಬರಬೇಕಂತೆ, ಈಗ ಅದನ್ನು ನೋಡಿಯಾಯಿತಲ್ಲ. ಹಲ್ಲು ಕಚ್ಚಿಕೊಂಡು ಒಪ್ಪಿದೆ. ದೊಡ್ಡಮ್ಮನ ಹೆಸರು ಬರೆದು ಓದಿ ಹೇಳಿದೆ. ಅವಳು ಖುಷಿಪಡುತ್ತಾಳೆಂದುಕೊಂಡರೆ ತಲೆ ಅಲ್ಲಾಡಿಸಿದಳು.

"ನಂದೊಂದೇ ಹಾಕೂಕೆ ಆಗ್ದು. ನಂಗೆ ಕಲಿಸ್ದವ್ರು ಅತ್ತೆ. ಅವರದ್ದು ಮೊದ್ಲು ಹಾಕು."

ಅತ್ತೆ ಎಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ನಾನು ಬಾಲವಾಡಿಯಲ್ಲಿದ್ದಾಗಲೇ ತೀರಿಕೊಂಡವರು. ಪೆನ್ನು ಹಿಡಿದೆ. ಹಿಡಿದುಕೊಂಡೇ ಕೂತೆ. ನನಗೆ ಅಜ್ಜಿಯ ಹೆಸರು ಗೊತ್ತಿರಲಿಲ್ಲ.

"ಅಜ್ಜಿ ಹೆಸರೆಂತ ದೊಡ್ಡಮ್ಮ?"

ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದಳು. ಸೊಸೆಯಾದವಳು ಅತ್ತೆಯ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ಅವಳು ಹೇಳಿರಲಿಲ್ಲ. ಒಳಗೆ ಹೋಗಿ, ಡಬ್ಬಿಯಿಂದ ಹಳೇ ರೇಷನ್ ಕಾರ್ಡ್ ತಂದು, ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ನಾನು ಅಕ್ಷರ ಅಕ್ಷರ ನೋಡಿ ಬರೆದುಕೊಂಡೆ.

ಸೋಮವಾರ ಮಧ್ಯಾಹ್ನ ಸಹಿ ಆಯಿತು. ಈಗ ಭಟ್ಕಳದಲ್ಲಿ ಪಾಠ ಮಾಡುತ್ತಾ ಮಕ್ಕಳ ಪ್ರಾಜೆಕ್ಟ್ ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ಕೊನೆಯ ಪುಟ ತೆರೆಯುತ್ತೇನೆ, ಮನೆಯವರು ಯಾರಾದರೂ ಇದ್ದಾರೆಯೇ ಎಂದು. ಇಲ್ಲಿ ಆ ಎರಡು ಹೆಸರು ಬರೆಯುತ್ತಿಲ್ಲ. ಬೇಡ ಎಂದವಳು ದೊಡ್ಡಮ್ಮನೇ. ಕಾಲೇಜಿನ ಪುಸ್ತಕದಲ್ಲಿದ್ದರೆ ಸಾಕಂತೆ.

ಸಹಿಯಾದ ದಿನ ಸಂಜೆ ಹೊಸ ಪ್ರತಿಯನ್ನು ಅವಳ ಕೈಗೆ ಕೊಟ್ಟಿದ್ದೆ. ಕೈ ಒರೆಸಿಕೊಂಡು ಹಿಡಿದಳು, ಗ್ರಂಥಋಣದ ಪುಟ ಯಾವುದೆಂದು ಕೇಳಿ ತೆಗೆಸಿದಳು, ಓದು ಅಂದಳು. ಅಜ್ಜಿಯ ಹೆಸರು ಓದಿದೆ.

"ಇನ್ನೊಂದ್ಸಲ ಓದು. ಜೋರಾಗಿ," ಅಂದಳು. "ನಂಗೆ ಹೇಳೂಕಾಗ್ದು. ಕೇಳೂಕೆ ಅಡ್ಡಿಲ್ಲ."